‘ಇಲ್ಲ’ ಎಂದರೆ ಬರೆಸಿಕೊಳ್ಳಿ

ಚಿತ್ರದುರ್ಗ ಮತ್ತು ದಾವಣಗೆರೆ ಜಿಲ್ಲೆಗಳ ಕೇಳುಗರಿಗೆ ನಮಸ್ಕಾರ. ಸೇನೆಯಿಂದ ನಿವೃತ್ತರಾಗಿ ಬಂದು ಹೊಲ ಮನೆ ನೋಡಿಕೊಂಡಿರುವ ಹಿರಿಯರು, ಅವರ ಪತ್ನಿಯರು, ಅವರ ಕಾರ್ಡು, ಚೀಟಿಗಳನ್ನು ಹಿಡಿದು ಓಡಾಡುವ ಸೊಸೆಯಂದಿರು ಈ ಹೊತ್ತಿನಲ್ಲಿ ರೇಡಿಯೊ ಬಳಿ ಕುಳಿತಿದ್ದಾರೆ ಎಂದು ಭಾವಿಸಿಕೊಂಡು ಮಾತನಾಡುತ್ತೇನೆ. ನಾನು ಸೇನೆಯ ವೈದ್ಯಕೀಯ ದಳದಲ್ಲಿದ್ದು, ಆಮೇಲೆ ಮಾಜಿ ಸೈನಿಕರ ಪಾಲಿಕ್ಲಿನಿಕ್ಕೊಂದರಲ್ಲಿ ಔಷಧಿ ಕೌಂಟರಿನ ಹಿಂದೆ ಕೆಲಸ ಮಾಡಿದವನು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಥೈರಾಯ್ಡ್, ಹೃದಯದ ತೊಂದರೆಗಳಿಗಾಗಿ ಜೀವನಪೂರ್ತಿ ಮಾತ್ರೆ ನುಂಗಬೇಕಾದವರಿಗೆ ನಾನು ಹೇಳುವುದು ಒಂದೇ ಮಾತು. ಕೌಂಟರಿನಲ್ಲಿ ಮಾತ್ರೆ ‘ಇಲ್ಲ’ ಎಂದರೆ, ಆ ‘ಇಲ್ಲ’ವನ್ನು ಚೀಟಿಯ ಮೇಲೆ ಬರೆಸಿಕೊಳ್ಳದೆ ಹೊರಗೆ ಬರಬೇಡಿ.

ಮಾಜಿ ಸೈನಿಕರ ವಂತಿಗೆ ಆರೋಗ್ಯ ಯೋಜನೆ, ಅಂದರೆ ನಾವೆಲ್ಲ ಇಸಿಎಚ್‌ಎಸ್ ಎಂದು ಕರೆಯುವ ಯೋಜನೆ, 2003ರ ಏಪ್ರಿಲ್ 1ರಂದು ಆರಂಭವಾಯಿತು. ಅದಕ್ಕೆ ಮೊದಲು ಚಿತ್ರದುರ್ಗದವರು ಸೇನಾ ಆಸ್ಪತ್ರೆಯ ಮಾತ್ರೆ ಬೇಕೆಂದರೆ ಸುಮಾರು 200 ಕಿಲೋಮೀಟರ್ ದೂರದ ಬೆಂಗಳೂರಿನ ಕಮಾಂಡ್ ಆಸ್ಪತ್ರೆಯ ದಾರಿ ಹಿಡಿಯಬೇಕಿತ್ತು. ಈ ಯೋಜನೆಯ ಪಾಲಿಕ್ಲಿನಿಕ್ಕುಗಳಲ್ಲಿ ಸಿಗುವುದು ಸರ್ಕಾರ ಪುಕ್ಕಟೆಯಾಗಿ ಕೊಡುವ ಔಷಧಿ ಎಂದು ಹಲವರು ಸಂಕೋಚಪಡುತ್ತಾರೆ. ಸಂಕೋಚವೇಕೆ? 1996ರ ಜನವರಿ 1ಕ್ಕೆ ಮೊದಲು ನಿವೃತ್ತರಾದವರನ್ನೂ ಯುದ್ಧದಲ್ಲಿ ಪತಿಯನ್ನು ಕಳೆದುಕೊಂಡವರನ್ನೂ ಬಿಟ್ಟರೆ, ಉಳಿದವರು ತಮ್ಮ ಹುದ್ದೆಗೆ ತಕ್ಕ ವಂತಿಗೆಯನ್ನು ಕಟ್ಟಿಯೇ ಸದಸ್ಯರಾಗಿದ್ದಾರೆ.

ಕ್ರಮ ಬಹಳ ಸರಳ. ಪಾಲಿಕ್ಲಿನಿಕ್ಕಿನ ವೈದ್ಯರು ಚೀಟಿ ಬರೆಯುತ್ತಾರೆ, ದೀರ್ಘಕಾಲದ ಕಾಯಿಲೆಗೆ ಸಾಮಾನ್ಯವಾಗಿ ಒಂದು ತಿಂಗಳ ಮಾತ್ರೆ ಕೊಡುತ್ತಾರೆ. ದಾಸ್ತಾನಿನಲ್ಲಿ ಇಲ್ಲದಿದ್ದರೆ, ಪಾಲಿಕ್ಲಿನಿಕ್ಕಿಗೆ ಗೊತ್ತುಮಾಡಿರುವ ಔಷಧಿ ಅಂಗಡಿಯವರ ಮೂಲಕ ತರಿಸಿಕೊಡುತ್ತಾರೆ. ಅಲ್ಲಿಯೂ ಸಿಗದಿದ್ದರೆ ಚೀಟಿಯ ಮೇಲೆ ‘ಲಭ್ಯವಿಲ್ಲ’ ಎಂದು ಬರೆದು ಮೊಹರು ಹಾಕಬೇಕು. ಇದನ್ನೇ ಪಾಲಿಕ್ಲಿನಿಕ್ಕಿನಲ್ಲಿ ‘ಎನ್‌ಎ’, ಅಂದರೆ ‘ನಾಟ್ ಅವೈಲಬಲ್’, ಹಾಕಿಸುವುದು ಎನ್ನುತ್ತಾರೆ. ಆ ಮೊಹರಿದ್ದರೆ ಹೊರಗೆ ಕೊಂಡ ಮಾತ್ರೆಯ ಹಣವನ್ನು ನಿಯಮದ ಮಿತಿಯೊಳಗೆ ಮರಳಿ ಕೇಳಬಹುದು. ಮೊಹರಿಲ್ಲದಿದ್ದರೆ ಆ ಹಣ ಹೋಯಿತೆಂದೇ ತಿಳಿಯಿರಿ.

ಚಳ್ಳಕೆರೆ ತಾಲ್ಲೂಕಿನ ಹಳ್ಳಿಯೊಂದರಿಂದ ಸೇನೆಯಲ್ಲಿ ನಾಯಕ್ ದರ್ಜೆಯಲ್ಲಿದ್ದು ನಿವೃತ್ತರಾದವರೊಬ್ಬರು ನಮ್ಮ ಕೌಂಟರಿಗೆ ಬರುತ್ತಿದ್ದರು. ಊರಿನಲ್ಲಿ ಅವರಿಗೆ ‘ಮಿಲಿಟರಿ ಅಜ್ಜ’ ಎಂದೇ ಹೆಸರು. ಸಕ್ಕರೆ ಕಾಯಿಲೆಗೆ, ರಕ್ತದೊತ್ತಡಕ್ಕೆ, ಕೊಲೆಸ್ಟರಾಲಿಗೆ ಎಂದು ಮೂರು ಬಗೆಯ ಮಾತ್ರೆಗಳು. ಬೆಳಗಿನ ಮೊದಲ ಬಸ್ಸಿಗೆ ಹೊರಟು ಹತ್ತು ಗಂಟೆಯ ಹೊತ್ತಿಗೆ ಸಾಲಿನಲ್ಲಿ ನಿಲ್ಲುತ್ತಿದ್ದರು. ನಿಲ್ಲುವ ಭಂಗಿಯಲ್ಲಿ ಕೂಡ ಪರೇಡು ಉಳಿದಿತ್ತು. ಮೂರರಲ್ಲಿ ಒಂದು ಮಾತ್ರೆ ಇಲ್ಲ ಎಂದು ಯಾರಾದರೂ ಹೇಳಿದರೆ, ‘ಆಯ್ತು ಸಾಹೇಬ್ರೆ’ ಎಂದು ಚೀಟಿ ಮಡಚಿ ಜೇಬಿಗಿಟ್ಟು ಹೊರಟುಬಿಡುತ್ತಿದ್ದರು. ಒಂದು ದಿನ ಅವರ ಸೊಸೆ ಒಂದು ತಗಡಿನ ಟ್ರಂಕನ್ನು ಹೊತ್ತು ತಂದು ಕೌಂಟರಿನ ಮೇಲಿಟ್ಟರು. ಸೇನೆಯಿಂದ ಬರುವಾಗ ತಂದ ಕಪ್ಪು ಟ್ರಂಕು, ಮೇಲೆ ಬಿಳಿ ಬಣ್ಣದಲ್ಲಿ ನಂಬರು. ಒಳಗೆ ಡಿಸ್ಚಾರ್ಜ್ ಪುಸ್ತಕ, ಪದಕಗಳು, ಅವುಗಳ ಕೆಳಗೆ ಮೂರು ವರ್ಷ ಹೊರಗೆ ಕೊಂಡ ಮಾತ್ರೆಗಳ ಬಿಲ್ಲುಗಳ ಕಟ್ಟು. ಆ ಬಿಲ್ಲುಗಳಲ್ಲಿ ಅರ್ಧಕ್ಕರ್ಧ ಬರೀ ಬಿಳಿಯ ಹಾಳೆಗಳಾಗಿದ್ದವು. ಮಷೀನಿನಿಂದ ಬರುವ ಆ ನುಣುಪು ಕಾಗದದ ಅಕ್ಷರ ಬಿಸಿಗೆ ಮಾಸಿಹೋಗುತ್ತದೆ, ಚಳ್ಳಕೆರೆಯ ಬೇಸಿಗೆಯಲ್ಲಿ ತಗಡಿನ ಟ್ರಂಕು ಎಷ್ಟು ಕಾಯುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಅಕ್ಷರ ಉಳಿದಿದ್ದ ಬಿಲ್ಲುಗಳ ಜೊತೆಗಿದ್ದ ಚೀಟಿಗಳನ್ನು ಒಂದೊಂದಾಗಿ ತಿರುವಿ ನೋಡಿದೆ. ಒಂದರ ಮೇಲೂ ‘ಲಭ್ಯವಿಲ್ಲ’ ಎಂಬ ಮೊಹರು ಇರಲಿಲ್ಲ. ನಾನು ಮಾಡುವಂಥದ್ದು ಏನೂ ಉಳಿದಿರಲಿಲ್ಲ.

‘ಬರೆದುಕೊಡಿ ಅಂತ ಯಾಕೆ ಕೇಳಲಿಲ್ಲ?’ ಎಂದು ಸ್ವಲ್ಪ ಗಟ್ಟಿಯಾಗಿಯೇ ಕೇಳಿದೆ. ಅಜ್ಜ ಮೆಲ್ಲಗೆ, ‘ಹದಿನೇಳು ವರ್ಷ ಜೀ ಸಾಬ್ ಅಂದೇ ಅಭ್ಯಾಸ ಆಗ್ಯದೆ ಸಾಹೇಬ್ರೆ, ಎದುರು ಕೇಳೋದು ಬರಾಂಗಿಲ್ಲ’ ಎಂದರು. ಆಗ ನಾನು ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಕೋತ್‌ನಿಂದ, ಅಂದರೆ ಆಯುಧ ಇಡುವ ಕೋಣೆಯಿಂದ, ರೈಫಲ್ ಪಡೆಯುವಾಗ ರಿಜಿಸ್ಟರಿನಲ್ಲಿ ಸಹಿ ಹಾಕದೆ ಎಂದಾದರೂ ಪಡೆದಿದ್ದೀರಾ? ಕಂಬಳಿ, ಬೂಟು, ಮಗ್ಗು, ಯಾವುದನ್ನಾದರೂ ಬರೀ ಬಾಯಿಮಾತಿನ ಮೇಲೆ ಕೊಟ್ಟಿದ್ದಾರೆಯೇ? ಸೇನೆಯಲ್ಲಿ ಕೊಟ್ಟದ್ದನ್ನೂ ಬರೆಯುತ್ತಿದ್ದರು, ಇಲ್ಲದ್ದನ್ನೂ ಬರೆಯುತ್ತಿದ್ದರು. ನೀವು ಕೌಂಟರಿನಲ್ಲಿ ‘ಬರೆದುಕೊಡಿ’ ಎನ್ನುವುದು ಎದುರು ಮಾತಾಡಿದಂತಲ್ಲ, ಅದು ನಿಮ್ಮ ಹಳೆಯ ಶಿಸ್ತೇ.

ಕೇಳದೆ ಬಂದುದರ ಪರಿಣಾಮ ಹಣಕ್ಕೇ ನಿಲ್ಲಲಿಲ್ಲ ಎಂಬುದು ಆಮೇಲೆ ಗೊತ್ತಾಯಿತು. ಶೇಂಗಾ ಕೀಳುವ ಕಾಲದಲ್ಲಿ ಕೈಯಲ್ಲಿ ಕಾಸಿಲ್ಲದೆ, ಬಸ್ಸಿಗೆ ಹೋಗಲು ಪುರುಸೊತ್ತೂ ಇಲ್ಲದೆ, ಅಜ್ಜ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಎರಡು ಹೋಳು ಮಾಡಿ ತಿಂಗಳ ಮಾತ್ರೆಯನ್ನು ಎರಡು ತಿಂಗಳಿಗೆ ಎಳೆದಿದ್ದರು. ಅದು ಹೊಟ್ಟೆಯಲ್ಲಿ ನಿಧಾನವಾಗಿ ಕರಗಲೆಂದೇ ಮಾಡಿದ ಮೆಟ್‌ಫಾರ್ಮಿನ್ ಮಾತ್ರೆ. ಅದನ್ನು ಪುಡಿ ಮಾಡಿದರೆ, ಮನಸ್ಸಿಗೆ ಬಂದಂತೆ ಮುರಿದರೆ ಇಡೀ ದಿನ ಮಾಡಬೇಕಾದ ಕೆಲಸ ಕೆಡುತ್ತದೆ. ಅವರ ಲೆಕ್ಕದಲ್ಲಿ ಔಷಧಿಯ ಪ್ರಮಾಣವೂ ಅರ್ಧಕ್ಕಿಳಿದಿತ್ತು. ಕಾಲಿನ ಹೆಬ್ಬೆರಳಿನ ಗಾಯ ಒಣಗದೆ ಎರಡು ತಿಂಗಳು ಕಾಡಿತು.

ಬರೆಸಿಕೊಳ್ಳುವುದಕ್ಕೆ ಇನ್ನೊಂದು ಕಾರಣವಿದೆ, ಇದನ್ನು ಯಾರೂ ಹೇಳುವುದಿಲ್ಲ. ಕಾಗದದಲ್ಲಿ ಖರ್ಚಾದದ್ದನ್ನೂ ಕೊರತೆಬಿದ್ದದ್ದನ್ನೂ ನೋಡಿಯೇ ಮುಂದಿನ ಬೇಡಿಕೆಯ ಪಟ್ಟಿ ತಯಾರಾಗುತ್ತದೆ. ಇಪ್ಪತ್ತು ಜನ ‘ಆಯ್ತು ಸಾಹೇಬ್ರೆ’ ಎಂದು ಸುಮ್ಮನೆ ಹೊರಟುಹೋದರೆ, ಆ ಮಾತ್ರೆ ಯಾರಿಗೂ ಬೇಕಾಗಿರಲಿಲ್ಲ ಎಂದೇ ಕಾಗದ ಹೇಳುತ್ತದೆ.

ನನಗೆ ಕೊಟ್ಟ ಸಮಯದ ಬಹುಭಾಗವನ್ನು ಆ ಟ್ರಂಕೇ ತೆಗೆದುಕೊಂಡಿತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಹೊರಗಿನ ಆಸ್ಪತ್ರೆಯ ತಜ್ಞರು ಬರೆದ ಚೀಟಿಯನ್ನು ನೇರವಾಗಿ ಅಂಗಡಿಗೆ ಒಯ್ಯಬೇಡಿ, ಮೊದಲು ಪಾಲಿಕ್ಲಿನಿಕ್ಕಿನ ವೈದ್ಯರಿಗೆ ತೋರಿಸಿ. ಮಾತ್ರೆಯ ಬಣ್ಣ, ಕಂಪನಿ ಇಟ್ಟ ಹೆಸರು ಬದಲಾಯಿತೆಂದು ಜಗಳ ತೆಗೆಯಬೇಡಿ. ಮಾತ್ರೆಯ ಪಟ್ಟಿಯ ಹಿಂದೆ ಸಣ್ಣ ಅಕ್ಷರದಲ್ಲಿರುವ ಔಷಧಿಯ ಹೆಸರೂ ಮಿಲಿಗ್ರಾಮೂ, ನಿಧಾನವಾಗಿ ಕರಗುವಂಥದ್ದೋ ಅಲ್ಲವೋ ಎಂಬುದೂ ಒಂದೇ ಆಗಿದ್ದರೆ ಅದು ಅದೇ ಮಾತ್ರೆ. ಟಾನಿಕ್ಕು, ಪ್ರೋಟೀನ್ ಪುಡಿಗಳನ್ನು ಕೇಳಲೇಬೇಡಿ. ಯೋಜನೆಗೆ ಸೇರದೆ ಪಿಂಚಣಿಯ ಜೊತೆ ತಿಂಗಳಿಗೆ 1000 ರೂಪಾಯಿ ವೈದ್ಯಕೀಯ ಭತ್ಯೆ ಪಡೆಯುತ್ತಿರುವವರು, ಮೂರು ಬಗೆಯ ಮಾತ್ರೆಯ ಬೆಲೆಯನ್ನೊಮ್ಮೆ ಕೂಡಿ ನೋಡಿ. ಬಿಲ್ಲು ಬಂದ ದಿನವೇ ಅದರ ಜೆರಾಕ್ಸ್ ಮಾಡಿಸಿ, ಕ್ಲೇಮನ್ನು ಮುಂದಕ್ಕೆ ಹಾಕಬೇಡಿ.

ಇನ್ಸುಲಿನ್ ಬಗ್ಗೆ ಬರೆದುಕೊಂಡು ಬಂದಿದ್ದ ಪುಟ ಹಾಗೆಯೇ ಉಳಿಯಿತು. ಪಾಲಿಕ್ಲಿನಿಕ್ಕಿನಿಂದ ಬಸ್ಸಿನಲ್ಲಿ ತರುವಾಗ ಅಗಲ ಬಾಯಿಯ ಫ್ಲಾಸ್ಕಿನಲ್ಲಿ ಐಸ್ ಹಾಕಿ, ಶೀಷೆಯನ್ನು ಬಟ್ಟೆಯಲ್ಲಿ ಸುತ್ತಿ ಇಡಿ. ಶೀಷೆ ಐಸಿಗೆ ತಾಗಿ ಹೆಪ್ಪುಗಟ್ಟಿದರೆ ಅದನ್ನು ಬಳಸುವಂತಿಲ್ಲ. ಇನ್ಸುಲಿನ್ ಸಿಗದೆ ಖಾಲಿ ಫ್ಲಾಸ್ಕು ಹಿಡಿದು ಹೊರಡುವಾಗಲೂ ಅಷ್ಟೇ, ‘ಇಲ್ಲ’ ಎಂಬುದನ್ನು ಬರೆಸಿಕೊಂಡೇ ಬಸ್ಸು ಹತ್ತಿ. ನಮಸ್ಕಾರ.