ಹತ್ತನೇ ತರಗತಿ ದಾಟಿಸುವ ದುಡ್ಡು

ಕೇಳುಗರೆಲ್ಲರಿಗೂ ಶರಣು.

ಇವತ್ತಿನ ಮಾತು ನಮ್ಮ ಶಾಸಕರಿಗೆ, ನಮ್ಮ ಶಾಲೆಗಳಿಗೆ, ಕೈಕೆಲಸ ಕಲಿಸುವ ಐಟಿಐಗಳಿಗೆ ಸಿಗಬೇಕಾದ ದುಡ್ಡಿನ ಬಗ್ಗೆ. ಕಲಬುರಗಿಯಿಂದ 9, ಬೀದರ್‌ನಿಂದ 6, ಯಾದಗಿರಿಯಿಂದ 4, ಒಟ್ಟು 19 ಮಂದಿಯನ್ನು ನಾವು ವಿಧಾನಸಭೆಗೆ ಕಳಿಸುತ್ತೇವೆ. ಅವರಲ್ಲಿ ಯಾರಾದರೂ ಈಗ ರೇಡಿಯೊ ಹಚ್ಚಿದ್ದರೆ ಒಳ್ಳೇದು. ಇಲ್ಲದಿದ್ದರೆ, ಮದುವೆಯಲ್ಲೋ ಜಾತ್ರೆಯಲ್ಲೋ ಸಿಕ್ಕಾಗ ನೀವೇ ಮುಟ್ಟಿಸಿ.

ನಮಗೆ 371(ಜೆ) ಬಂದಿದೆ, ಅಂದರೆ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ ವಿಧಿ. 98ನೇ ತಿದ್ದುಪಡಿಯಿಂದ ಸೇರಿದ್ದು, 2013ರಲ್ಲಿ ಜಾರಿಗೆ ಬಂತು. ಅದಕ್ಕಾಗಿ ವರ್ಷಗಟ್ಟಲೆ ಹೋರಾಟ ನಡೆದಿದೆ. ಈ ಭಾಗದ ಕಾಲೇಜುಗಳಲ್ಲಿ 100ಕ್ಕೆ 70 ಸೀಟು ನಮ್ಮ ಮಕ್ಕಳಿಗೆ. ಇಲ್ಲಿನ ಸರ್ಕಾರಿ ಕಚೇರಿಗಳ ಸಿ ದರ್ಜೆ ಹುದ್ದೆಗಳಲ್ಲಿ 100ಕ್ಕೆ 80 ನಮ್ಮವರಿಗೆ. ಆದರೆ ಆ ಸೀಟಿನವರೆಗೆ ಹೋಗಬೇಕಾದರೆ ಹುಡುಗ ಮೊದಲು ಹತ್ತನೇ ತರಗತಿ ಪಾಸಾಗಬೇಕಲ್ಲ?

2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಯಾದಗಿರಿ ರಾಜ್ಯದಲ್ಲೇ ಕೊನೆ. 2025ರ ಮೊದಲ ಪರೀಕ್ಷೆಯಲ್ಲಿ ಆ ಜಾಗ ಕಲಬುರಗಿಗೆ ಬಂತು. ಪಾಸಾದವರು 100ಕ್ಕೆ ಸುಮಾರು 42 ಮಕ್ಕಳು. ಫಲಿತಾಂಶ ಬಂದ ವಾರ ಎಲ್ಲರೂ ಮೇಷ್ಟ್ರನ್ನು ಬೈಯುತ್ತಾರೆ. ಮೇಷ್ಟ್ರು ಇದ್ದಾರಾ ಅಂತ ಕೇಳುವವರು ಕಡಿಮೆ. ಗಣಿತಕ್ಕೆ, ಇಂಗ್ಲಿಷಿಗೆ ಅತಿಥಿ ಶಿಕ್ಷಕರನ್ನೇ ನಂಬಿಕೊಂಡ ಹಳ್ಳಿ ಶಾಲೆಗಳು ನಮ್ಮಲ್ಲಿ ಎಷ್ಟೋ ಇವೆ. ಅವರು ಶಾಲೆ ಶುರುವಾದ ಮೇಲೆ ಬರುತ್ತಾರೆ, ಗೌರವಧನ ತಡವಾಗಿ ಬರುತ್ತದೆ, ಮುಂದಿನ ವರ್ಷ ಇರುತ್ತಾರೋ ಇಲ್ಲವೋ ಅವರಿಗೇ ಗೊತ್ತಿರುವುದಿಲ್ಲ. ಅಷ್ಟರಲ್ಲಿ ಹತ್ತಿ ಬಿಡಿಸುವ ಕಾಲ ಬರುತ್ತದೆ. ಸುರಪುರ, ಶಹಾಪುರದ ಕಡೆ ಹಾಜರಿ ಪುಸ್ತಕ ತೆರೆದು ನೋಡಿ. ಒಂಬತ್ತು, ಹತ್ತನೇ ತರಗತಿಯ ಹುಡುಗರು ಎಲ್ಲಿ ಅಂದರೆ, "ಗುಳೆ ಹೋಗ್ಯಾರ್ರಿ" ಅನ್ನೋ ಉತ್ತರ ಸಿಗುತ್ತದೆ.

ಇದು ಇಂದು ನಿನ್ನೆಯದಲ್ಲ. ನಿಜಾಮರ ಕಾಲದಿಂದ ಬಂದ ಹಿಂದುಳಿಕೆ, ಒಪ್ಪೋಣ. 2011ರ ಜನಗಣತಿಯಲ್ಲೂ ಯಾದಗಿರಿಯ ಸಾಕ್ಷರತೆ 100ಕ್ಕೆ 52ರ ಹತ್ತಿರ, ರಾಜ್ಯದ್ದು 75. ಆದರೆ ನಿಜಾಮರ ಆಳ್ವಿಕೆ ಮುಗಿದದ್ದು 1948ರಲ್ಲಿ. ಅದೇ ನೆಪ ಎಷ್ಟು ವರ್ಷ ಹೇಳೋದು?

ಈಗ ದುಡ್ಡಿನ ವಿಷಯ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಈಚಿನ ಬಜೆಟ್‌ಗಳಲ್ಲಿ 5,000 ಕೋಟಿ ರೂಪಾಯಿ ಘೋಷಣೆಯಾಗಿದೆ. ಕೇಳೋಕೆ ಚೆನ್ನಾಗಿದೆ. ಘೋಷಣೆಯಾದ ಮೇಲೆ ಕ್ರಿಯಾಯೋಜನೆ, ಮಂಜೂರಾತಿ, ಟೆಂಡರ್, ಬಿಡುಗಡೆ ಅಂತ ಒಂದೊಂದೇ ಮೆಟ್ಟಿಲು. ಅಷ್ಟು ಹತ್ತುವಷ್ಟರಲ್ಲಿ ಸರ್ಕಾರದ ಲೆಕ್ಕದ ವರ್ಷ ಮುಗಿಯುವ ಮಾರ್ಚ್ 31 ಬಂದಿರುತ್ತದೆ. ಇನ್ನೊಂದು ಅಪಾಯ ಜಾಸ್ತಿ ಕಣ್ಣಿಗೆ ಬೀಳುವುದಿಲ್ಲ. ಮಂಡಳಿಯ ದುಡ್ಡು, ಇಲಾಖೆಗಳು ಕೊಡುವ ದುಡ್ಡಿನ ಮೇಲೆ ಬರಬೇಕಾದದ್ದು. "ಮಂಡಳಿ ಕೊಡುತ್ತದಲ್ಲ" ಅಂತ ಶಿಕ್ಷಣ ಇಲಾಖೆ ತನ್ನ ಕೈ ಹಿಂದೆ ತೆಗೆದರೆ, ಎಡ ಜೇಬಿನದು ಬಲ ಜೇಬಿಗೆ ಹೋದಂತಾಯಿತು ಅಷ್ಟೇ. ಇದನ್ನು ತಡೆಯುವ ಅಧಿಕಾರ ಸದನದಲ್ಲಿ ಕೂತವರಿಗೇ ಇರೋದು.

ಐಟಿಐಗಳ ಕಥೆ ಹೇಳಲೇಬೇಕು. ಸೇಡಂ, ಮಳಖೇಡ, ವಾಡಿ ಸುತ್ತ ಸಿಮೆಂಟ್ ಕಾರ್ಖಾನೆಗಳಿವೆ. ಯಾದಗಿರಿಯಲ್ಲಿ ಕಡೇಚೂರು-ಬಾಡಿಯಾಳ ಕೈಗಾರಿಕಾ ಪ್ರದೇಶವಿದೆ. ಅಲ್ಲಿಗೆ ಫಿಟ್ಟರ್ ಬೇಕು, ಎಲೆಕ್ಟ್ರಿಷಿಯನ್ ಬೇಕು, ವೆಲ್ಡರ್ ಬೇಕು. ವೆಲ್ಡರ್ ಟ್ರೇಡ್‌ಗಂತೂ ಎಂಟನೇ ತರಗತಿ ಪಾಸಾಗಿದ್ದರೂ ಸಾಕು. ಹತ್ತರಲ್ಲಿ ನಪಾಸಾದ ಹುಡುಗನಿಗೆ ಉಳಿದಿರುವ ಕೆಲವೇ ದಾರಿಗಳಲ್ಲಿ ಇದೊಂದು. ಆದರೆ ವೆಲ್ಡಿಂಗ್ ಕಲಿಯೋಕೆ ರಾಡ್ ಸುಡಬೇಕು, ಕಬ್ಬಿಣ ಕತ್ತರಿಸಬೇಕು, ದಿನಾ ಕರೆಂಟ್ ಬೇಕು. ಬಜೆಟ್ ಬಿಗಿಯಾದಾಗ ಮೊದಲು ಕತ್ತರಿ ಬೀಳುವುದು ಇಂಥ ಸಣ್ಣ ಖರ್ಚಿಗೇ. ಕಟ್ಟಡಕ್ಕಾದರೆ ಅಡಿಗಲ್ಲು ಇರುತ್ತದೆ, ಅದರ ಮೇಲೆ ಶಾಸಕರ ಹೆಸರಿರುತ್ತದೆ. ವೆಲ್ಡಿಂಗ್ ರಾಡಿನ ಮೇಲೆ ಯಾರ ಹೆಸರು ಬರೆಯೋದು? ಹಾಗಾಗಿ ಬರೀ ಪುಸ್ತಕ ನೋಡಿ ಟ್ರೇಡ್ ಕಲಿತ ಹುಡುಗ ಕಾರ್ಖಾನೆ ಗೇಟಿಗೆ ಹೋಗುತ್ತಾನೆ, ಲೋಡಿಂಗ್ ಕೆಲಸಕ್ಕೆ ಸೇರುತ್ತಾನೆ.

ರಾಜ್ಯ ಸರ್ಕಾರದ ಯುವನಿಧಿ ಯೋಜನೆಯಲ್ಲಿ, ಪದವಿ ಮುಗಿಸಿ ಕೆಲಸ ಸಿಗದವರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ ಕೊಡುತ್ತಾರೆ. ಬೇಡ ಅನ್ನೋದಿಲ್ಲ. ಆದರೆ ಅಲ್ಲಿಯವರೆಗೆ ಓದದ ಹುಡುಗನಿಗೆ ಅದು ಸಿಗುವುದೇ ಇಲ್ಲ. ಅವನಿಗೆ ಇರೋದು ಶಾಲೆ ಮತ್ತು ಐಟಿಐ ಮಾತ್ರ.

ಶಾಸಕರೇ, ಮುಂದಿನ ಅಧಿವೇಶನದಲ್ಲಿ ಒಂದು ಚುಕ್ಕೆ ಗುರುತಿನ ಪ್ರಶ್ನೆ ಹಾಕಿ. ನಮ್ಮ ಮೂರು ಜಿಲ್ಲೆಗಳ ಶಾಲೆಗಳಿಗೆ, ಐಟಿಐಗಳಿಗೆ ಈ ವರ್ಷ ಇಟ್ಟದ್ದೆಷ್ಟು, ಬಿಡುಗಡೆಯಾದದ್ದೆಷ್ಟು, ಖರ್ಚಾದದ್ದೆಷ್ಟು, ಖಾಲಿ ಹುದ್ದೆ ಎಷ್ಟು? ಚುಕ್ಕೆ ಗುರುತಿನ ಪ್ರಶ್ನೆ ಅಂದರೆ ಸಚಿವರು ಸದನದಲ್ಲೇ ಬಾಯಿಬಿಟ್ಟು ಉತ್ತರ ಕೊಡಬೇಕಾದ ಪ್ರಶ್ನೆ. ಇಲಾಖೆಯ ಅನುದಾನದ ಬೇಡಿಕೆ ಚರ್ಚೆಗೆ ಬಂದ ದಿನ ಸದನದಲ್ಲಿ ಇರಿ, ಒಂದು ರೂಪಾಯಿಯೂ ಕಡಿಮೆಯಾಗದಂತೆ ನೋಡಿ. ಪಕ್ಷ ಯಾವುದಾದರೂ ಇರಲಿ, 19 ಮಂದಿ ಒಟ್ಟಿಗೆ ಎದ್ದು ನಿಂತರೆ ಕೇಳದ ಹಣಕಾಸು ಇಲಾಖೆ ಇಲ್ಲ. ವಿಧಾನ ಪರಿಷತ್ತಿನಲ್ಲಿ ಈಶಾನ್ಯ ಶಿಕ್ಷಕರ ಕ್ಷೇತ್ರ, ಈಶಾನ್ಯ ಪದವೀಧರರ ಕ್ಷೇತ್ರದಿಂದ ಆರಿಸಿ ಹೋದವರಿಗಂತೂ ಇದು ಬೇರೆ ಯಾರೂ ಹೇಳಿಕೊಡಬೇಕಾದ ಕೆಲಸವೇ ಅಲ್ಲ. ಆ ಪ್ರಶ್ನೆಗೆ ಬಂದ ಉತ್ತರವನ್ನು ನಮ್ಮ ತಾಲೂಕು ಪಂಚಾಯಿತಿ ಕಚೇರಿಯ ಗೋಡೆಗೆ ಅಂಟಿಸಿ. ಓದುವವರು ಓದುತ್ತಾರೆ.

ನಮಸ್ಕಾರ.