ಬೇಸ್ ಮಾಡುವವರಿಗೆ ಮೊದಲು ಬೇಕಾದದ್ದು ಜರಡಿ

ನಮಸ್ಕಾರ, ಕೋಲಾರದಿಂದ ಮಾತನಾಡುತ್ತಿದ್ದೇನೆ. ಮಿನಿಯೇಚರ್ ಗೊಂಬೆಗಳಿಗೆ ಬೇಸ್, ಅಂದರೆ ಅವು ನಿಲ್ಲುವ ಪುಟ್ಟ ನೆಲ, ಮಾಡುವವರು ಮೊದಲು ಜರಡಿ ಕೊಳ್ಳಬೇಕು ಎಂದು ಕಳೆದ ಸಂಚಿಕೆಯಲ್ಲಿ ಹೇಳಿದ್ದಕ್ಕೆ ವೀಕ್ಷಕರೊಬ್ಬರು, ‘ಸಾರ್, ಇದೇನು ಅಡುಗೆ ಚಾನೆಲ್ಲೇ? ಒಳ್ಳೆಯ ಸ್ಟೀಲ್ ಟೂಲ್ ಸೆಟ್ ಯಾವುದೆಂದು ಹೇಳಿ’ ಎಂದು ಬರೆದಿದ್ದಾರೆ. ಅವರಿಗೆ ಉತ್ತರ ಕೊಡದೆ ಮುಂದೆ ಹೋಗುವಂತಿಲ್ಲ.

28 ಮಿಲಿಮೀಟರ್ ಗೊಂಬೆ ಎಂದರೆ ನಿಜವಾದ ಮನುಷ್ಯನ ಎತ್ತರದಲ್ಲಿ ಸುಮಾರು 60ರಲ್ಲಿ ಒಂದು ಪಾಲು. ಆದ್ದರಿಂದ ಅದರ ಕಾಲಬುಡದಲ್ಲಿ ಅಂಟಿಸುವ ಪ್ರತಿಯೊಂದು ಮರಳುಕಣವನ್ನೂ 60ರಿಂದ ಗುಣಿಸಿ ನೋಡಬೇಕು. ಮನೆ ಕಟ್ಟುವವರು ಬೀದಿಬದಿಯಲ್ಲಿ ಸುರಿಸಿರುವ ಎಂ-ಸ್ಯಾಂಡಿನಲ್ಲಿ 4.75 ಮಿಲಿಮೀಟರ್‌ವರೆಗಿನ ಕಣಗಳಿರುತ್ತವೆ. ಗೊಂಬೆಯ ಲೆಕ್ಕದಲ್ಲಿ ಅದು ಸುಮಾರು 28 ಸೆಂಟಿಮೀಟರಿನ ಬಂಡೆ. ಅದನ್ನು ಹಾಗೆಯೇ ಸುರಿದು ‘ಮರುಭೂಮಿ’ ಎಂದು ಹೆಸರಿಟ್ಟರೆ, ಪಾಪ, ಆ ಸಿಪಾಯಿ ನಿಂತಿರುವುದು ಮರುಭೂಮಿಯಲ್ಲಲ್ಲ, ಜಲ್ಲಿ ಕ್ರಷರಿನಲ್ಲಿ.

ಅದಕ್ಕೇ ಜರಡಿ. ದೊಡ್ಡ ಕಣ್ಣಿನ ಜರಡಿಯಲ್ಲಿ ಒಮ್ಮೆ, ಸಣ್ಣ ಕಣ್ಣಿನ ಟೀ ಜಾಲರಿಯಲ್ಲಿ ಇನ್ನೊಮ್ಮೆ ಹಿಡಿದರೆ ಮೂರು ದರ್ಜೆಯ ಮರಳು ಸಿಗುತ್ತದೆ. ನುಣುಪಾದದ್ದು ಫೆವಿಕಾಲಿನ ಮೇಲೆಲ್ಲ, ನಡುವಿನದು ಅಲ್ಲಲ್ಲಿ ಚಿಟಿಕೆಯಷ್ಟು, ದಪ್ಪನೆಯದು ಅಂಚಿನಲ್ಲಿ ಒಂದೋ ಎರಡೋ ಹರಳು. ಅಂತರಗಂಗೆ ಬೆಟ್ಟ ಹತ್ತಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಲ್ಲಿ ಹೆಬ್ಬಂಡೆಯ ಬುಡದಲ್ಲಿ ಸಣ್ಣ ಕಲ್ಲು, ಕಲ್ಲುಗಳ ನಡುವೆ ಪುಡಿಮಣ್ಣು ಇರುತ್ತದೆ. (ಜಾಲರಿ ಮತ್ತೆ ಅಡುಗೆಮನೆಗೆ ಹೋದರೆ ಮನೆಯವರ ಸಿಟ್ಟಿಗೆ ಈ ಚಾನೆಲ್ ಹೊಣೆಯಲ್ಲ.)

ಸ್ಟೀಲ್ ಸೆಟ್ ಇರುವುದು ಪುಟ್ಟಿ ತಿದ್ದಲು. ಅದರ ಯಾವ ಮೊನೆ ಮರಳನ್ನು ದರ್ಜೆವಾರು ಬೇರ್ಪಡಿಸುತ್ತದೆ, ಹೇಳಿ? ಡಬ್ಬಿಯಲ್ಲಿ ಬರುವ ಟೆಕ್ಸ್‌ಚರ್ ಪೇಸ್ಟ್ ಸಾಕು ಎನ್ನುವವರ ಮಾತು ಇನ್ನೂ ಸೊಗಸು: ಅದರೊಳಗಿನ ಕಣಗಳನ್ನು ಬೇರೆ ಯಾರೋ ಜರಡಿ ಹಿಡಿದು ತುಂಬಿದ್ದಾರೆ, ಆ ಕೂಲಿಯನ್ನು ನೀವು ತೆರುತ್ತಿದ್ದೀರಿ. ಕೆಜಿಎಫ್ ಕಡೆಯ ಗೆಳೆಯರು ಸೈನೈಡ್ ದಿಬ್ಬದ ಮರಳು ಹಿಟ್ಟಿನಷ್ಟು ನುಣುಪು, ಜರಡಿಯೇ ಬೇಡ ಎನ್ನುತ್ತಾರೆ. 2001ರಲ್ಲಿ ಮುಚ್ಚಿದ ಚಿನ್ನದ ಗಣಿಯ ತ್ಯಾಜ್ಯವದು. ದಯವಿಟ್ಟು ಆ ದೂಳನ್ನು ಮನೆಯೊಳಗೆ ತರಬೇಡಿ.

ಹಳೆಯ ಕುಂಚವೂ ಬೇಕು, ಟೂತ್‌ಪಿಕ್ಕೂ ಬೇಕು, ಒಪ್ಪಿದೆ. ಆದರೆ ಕುಂಚವನ್ನು ಒರೆಸಿ ಒಣಬಣ್ಣ ಸವರುವಾಗ ಬಣ್ಣ ಹಿಡಿಯುವುದು ಎದ್ದುನಿಂತ ಕಣಗಳಿಗೆ ಮಾತ್ರ. ದಪ್ಪ ಕಣಗಳೇ ತುಂಬಿದ್ದರೆ ಬಣ್ಣವನ್ನೆಲ್ಲ ಅವೇ ನುಂಗುತ್ತವೆ, ನುಣುಪು ನೆಲ ಮೊದಲು ಬಳಿದ ಕಪ್ಪಿನಲ್ಲೇ ಉಳಿಯುತ್ತದೆ, ಆಗ ಎಷ್ಟು ದುಬಾರಿಯ ಕುಂಚವಾದರೂ ಏನು ಮಾಡೀತು? ಜರಡಿ ಹಿಡಿಯಿರಿ.

‘ಜರಡಿಯಿಲ್ಲದೆಯೂ ನನ್ನ ಬೇಸ್ ಚೆನ್ನಾಗಿದೆ’ ಎನ್ನುವವರಿಗೆ ನನ್ನ ಉತ್ತರ ಇಷ್ಟೇ: ಚೆನ್ನಾಗಿಲ್ಲ. ಏಕೆ ಎಂದು ಕೇಳಬೇಡಿ, ಗೊಂಬೆಯನ್ನೇ ಕೇಳಿ. ಮುಂದಿನ ವಾರ ಫೆವಿಕಾಲಿಗೆ ಎಷ್ಟು ನೀರು ಬೆರೆಸಬೇಕೆಂದು ತೋರಿಸುತ್ತೇನೆ. ಚಂದಾದಾರರಾಗಿ, ಗಂಟೆಯ ಗುರುತನ್ನು ಒತ್ತಿ, ಅಷ್ಟರೊಳಗೆ ಮೂರು ಡಬ್ಬಿ ಮರಳನ್ನು ಜರಡಿ ಹಿಡಿದು ಇಟ್ಟುಕೊಂಡಿರಿ.