ಕ್ರೊನೊಸ್ ಕಾಲದೇವನಲ್ಲ: ಒಂದು ಅಕ್ಷರದ ಗೊಂದಲ

[ಪರದೆ: ಉದ್ದ ಗಡ್ಡದ ಮುದುಕ, ಒಂದು ಕೈಯಲ್ಲಿ ಕುಡುಗೋಲು, ಇನ್ನೊಂದರಲ್ಲಿ ಮರಳು ಗಡಿಯಾರ]

ಈ ಮುದುಕನನ್ನು ಎಲ್ಲೋ ನೋಡಿರುತ್ತೀರಿ. ‘ಇವನೇ ಕ್ರೊನೊಸ್, ಗ್ರೀಕರ ಕಾಲದೇವ, ಹುಟ್ಟಿದ್ದನ್ನೆಲ್ಲ ನುಂಗುವವನು’ ಅನ್ನೋ ಮಾತನ್ನೂ ಕೇಳಿರುತ್ತೀರಿ. ಆದರೆ ಇದರಲ್ಲಿ ಕುಡುಗೋಲು ಮಾತ್ರ ಕ್ರೊನೊಸ್‌ನದು. ಮರಳು ಗಡಿಯಾರ ಅವನ ಕೈಗೆ ಬಂದದ್ದು ಹೆಸರಿನ ಗೊಂದಲದಿಂದ.

ಈ ಗೊಂದಲವನ್ನು ಇಂಗ್ಲಿಷಿನಲ್ಲಿ ಬಿಡಿಸಿ ಹೇಳೋದು ಕಷ್ಟ. ಕನ್ನಡದಲ್ಲಿ ಅರ್ಧ ನಿಮಿಷ ಸಾಕು.

[ಪರದೆ: ಕ್ರೊನೊಸ್ / ಖ್ರೊನೊಸ್]

ದೇವರ ಹೆಸರು ಶುರುವಾಗೋದು ಕಪ್ಪ ಅನ್ನೋ ಗ್ರೀಕ್ ಅಕ್ಷರದಿಂದ. ಅದು ನಮ್ಮ ಅಲ್ಪಪ್ರಾಣ ‘ಕ’. ಕಾಲ ಅನ್ನೋ ಅರ್ಥದ ಪದ ಶುರುವಾಗೋದು ಇನ್ನೊಂದು ಅಕ್ಷರದಿಂದ. ಪ್ರಾಚೀನ ಅಥೆನ್ಸಿನ ಉಚ್ಚಾರದಲ್ಲಿ ಅದು ಮಹಾಪ್ರಾಣ, ನಮ್ಮ ‘ಖ’. ಅಂಗೈಯನ್ನು ಬಾಯಿಯ ಮುಂದೆ ಹಿಡಿದು ಎರಡನ್ನೂ ಹೇಳಿ ನೋಡಿ: ಕ್ರೊನೊಸ್, ಖ್ರೊನೊಸ್. ಎರಡನೆಯದಕ್ಕೆ ಉಸಿರು ಕೈಗೆ ತಾಗುತ್ತೆ. ನಮಗೆ ‘ಕರ’ ಬೇರೆ ‘ಖರ’ ಬೇರೆ ಇದ್ದ ಹಾಗೆಯೇ ಇದು. ಮಹಾಪ್ರಾಣ ಬರೆಯೋಕೆ ಅಕ್ಷರ ಇಲ್ಲದ ಲಿಪಿಗಳಲ್ಲಿ ಈ ಎರಡು ಪದಗಳು ಹೆಚ್ಚುಕಮ್ಮಿ ಒಂದೇ ಥರ ಕಾಣುತ್ತವೆ, ಗೊಂದಲ ಇನ್ನಷ್ಟು ಗಟ್ಟಿಯಾಗುತ್ತೆ.

ಈ ಎರಡು ಹೆಸರುಗಳ ಬೆಸುಗೆ ಮಾತ್ರ ಹಳೆಯದು. ‘ಮಕ್ಕಳನ್ನು ನುಂಗೋದು ಅಂದರೆ ಕಾಲ ವರ್ಷಗಳನ್ನು ನುಂಗೋದು’ ಅನ್ನೋ ವ್ಯಾಖ್ಯಾನ ರೋಮಿನ ಸಿಸೆರೊನ ಬರಹದಲ್ಲೂ ಇದೆ, ಅವನು ಕ್ರಿಸ್ತಪೂರ್ವ 1ನೇ ಶತಮಾನದವನು. ಆದರೆ ಕ್ರೊನೊಸ್‌ನ ಕಥೆಯನ್ನು ಪೂರ್ತಿ ಹೇಳುವ ಹಳೆಯ ಕಾವ್ಯ ಹೆಸಿಯಡ್‌ನ ‘ಥಿಯೋಗನಿ’, ಸುಮಾರು ಕ್ರಿಸ್ತಪೂರ್ವ 700ರದು. ಅದರಲ್ಲಿ ಕ್ರೊನೊಸ್‌ಗೂ ಕಾಲಕ್ಕೂ ಸಂಬಂಧವೇ ಇಲ್ಲ.

ಹಾಗಾದರೆ ಅಲ್ಲಿ ಅವನು ಯಾರು? ಬೇಗ ಹೇಳ್ತೀನಿ. ಭೂಮಿ ಗಾಯಾ, ಆಕಾಶ ಊರಾನೊಸ್. ಇವರಿಗೆ 12 ಮಕ್ಕಳು, ಟೈಟನ್ನರು ಅನ್ನೋ ಹಳೆಯ ತಲೆಮಾರಿನ ದೇವರುಗಳು, ಆರು ಗಂಡು, ಆರು ಹೆಣ್ಣು. ಕೊನೆಯವನು ಕ್ರೊನೊಸ್. ಆಮೇಲೆ ಮೂವರು ಒಂಟಿಗಣ್ಣರು, ನೂರು ಕೈ ಐವತ್ತು ತಲೆಯ ಮೂವರು.

ನಿಜವಾದ ಸ್ವಾರಸ್ಯ ಶುರುವಾಗೋದು ಇಲ್ಲಿಂದ. ಮೂರು ತಲೆಮಾರಿನ ರಾಜರೂ ಮಾಡಿದ್ದು ಒಂದೇ ಕೆಲಸ, ಮಕ್ಕಳು ಮೇಲೆ ಬರದ ಹಾಗೆ ತಡೆಯೋದು. ಪ್ರತಿಯೊಬ್ಬನೂ ಹಿಂದಿನವನ ತಪ್ಪನ್ನು ತಿದ್ದುತ್ತಾ ಹೋಗ್ತಾನೆ.

ಊರಾನೊಸ್ ಮಕ್ಕಳನ್ನು ತಾಯಿಯ ಒಡಲಿಗೇ ವಾಪಸ್ ತಳ್ಳಿದ. ಅವನು ಎಡವಿದ್ದು ಇಲ್ಲೇ: ನೋವು ತಾಯಿಗೆ, ಮಕ್ಕಳೂ ತಾಯಿಯ ಹತ್ತಿರವೇ. ಗಾಯಾ ಬೂದು ಬಣ್ಣದ ಬಲು ಗಟ್ಟಿ ಲೋಹದಿಂದ ಗರಗಸದಂಥ ಹಲ್ಲಿನ ಕುಡುಗೋಲು ಮಾಡಿದಳು. ಹೊಂಚು ಹಾಕಿದ್ದ ಕ್ರೊನೊಸ್ ಎಡಗೈ ಚಾಚಿ ಹಿಡಿದ, ಬಲಗೈಯಿಂದ ತಂದೆಯ ಜನನಾಂಗ ಕೊಯ್ದು ಹಿಂದಕ್ಕೆ ಎಸೆದ.

ಕ್ರೊನೊಸ್ ಪಾಠ ಕಲಿತ. ಮಕ್ಕಳನ್ನು ಹೆಂಡತಿಯ ಬಳಿ ಬಿಡದೆ ತನ್ನ ಹೊಟ್ಟೆಗೇ ಹಾಕಿಕೊಂಡ: ಹೆಸ್ಟಿಯಾ, ಡಿಮೀಟರ್, ಹೇರಾ, ಹೇಡೀಸ್, ಪೊಸೈಡನ್. ಆದರೆ ಕೂಸು ಹುಟ್ಟಿ ಅವನ ಕೈಗೆ ಬರುವ ತನಕ ತಾಯಿಗೆ ಒಂದಿಷ್ಟು ಸಮಯ ಸಿಗುತ್ತಿತ್ತಲ್ಲ? ಅಷ್ಟರಲ್ಲೇ ಹೆಂಡತಿ ರೇಯಾ ಕೆಲಸ ಮುಗಿಸಿದಳು. ಕೊನೆಯ ಕೂಸು ಜೀಯಸ್‌ನನ್ನು ಕ್ರೀಟ್ ದ್ವೀಪದಲ್ಲಿ ಬಚ್ಚಿಟ್ಟು, ಬಟ್ಟೆ ಸುತ್ತಿದ ಕಲ್ಲನ್ನು ಗಂಡನ ಕೈಗಿಟ್ಟಳು. ಅವನು ಬಿಚ್ಚಿ ನೋಡಲಿಲ್ಲ.

ಜೀಯಸ್ ಆ ಸಂದನ್ನೂ ಮುಚ್ಚಿದ. ಮಗುವಿಗೆ ಕಾಯದೆ, ಬಸುರಿಯಾಗಿದ್ದ ಹೆಂಡತಿ ಮೇಟಿಸ್‌ಳನ್ನೇ ನುಂಗಿಬಿಟ್ಟ. ಮಗಳು ಅಥೀನಾ ಅವನ ತಲೆಯಿಂದ ಹುಟ್ಟಿದಳು, ಅವನನ್ನು ಇಳಿಸುವ ಮಗ ಹುಟ್ಟಲೇ ಇಲ್ಲ.

[ಪರದೆ: ಡೆಲ್ಫಿಯ ಬೆಟ್ಟದ ಇಳಿಜಾರು]

ಈಗ ಆ ಕಲ್ಲಿಗೆ ಬರೋಣ, ಇದು ನನಗೆ ತುಂಬ ಇಷ್ಟವಾದ ಭಾಗ. ಮುಂದೆ ಕ್ರೊನೊಸ್ ನುಂಗಿದ್ದನ್ನೆಲ್ಲ ಕಕ್ಕಬೇಕಾಯಿತು. ಕೊನೆಗೆ ನುಂಗಿದ್ದು ಕಲ್ಲು, ಆದ್ದರಿಂದ ಕಕ್ಕುವಾಗ ಮೊದಲು ಬಂದದ್ದೂ ಅದೇ. ಜೀಯಸ್ ಅದನ್ನು ಗ್ರೀಕರ ಪುಣ್ಯಕ್ಷೇತ್ರ ಡೆಲ್ಫಿಯಲ್ಲಿ ನೆಟ್ಟ ಅಂತಾನೆ ಹೆಸಿಯಡ್. ಸುಮಾರು ಎಂಟುನೂರು ವರ್ಷದ ಮೇಲೆ, ಕ್ರಿಸ್ತಶಕ 2ನೇ ಶತಮಾನದಲ್ಲಿ, ಪೌಸೇನಿಯಸ್ ಅನ್ನೋ ಪ್ರವಾಸಿ ಡೆಲ್ಫಿಯನ್ನು ವರ್ಣಿಸುತ್ತಾ ದಾರಿ ಸಮೇತ ಬರೆದಿಟ್ಟಿದ್ದಾನೆ: ಅಪೊಲೊ ದೇವಸ್ಥಾನದಿಂದ ಹೊರಬಂದು ಎಡಕ್ಕೆ ತಿರುಗಿದರೆ ಟ್ರಾಯ್ ಯುದ್ಧದ ವೀರ ನಿಯೊಪ್ಟೊಲೆಮಸ್‌ನ ಸಮಾಧಿ, ಅಲ್ಲಿಂದ ಮೇಲೆ ಹತ್ತಿದರೆ ಒಂದು ಕಲ್ಲು. ಅಂಥ ದೊಡ್ಡದೇನಲ್ಲ. ದಿನಾ ಅದಕ್ಕೆ ಆಲಿವ್ ಎಣ್ಣೆ ಎರೆಯುತ್ತಾರೆ, ಹಬ್ಬಗಳಲ್ಲಿ ಇನ್ನೂ ನೂಲದ ಹಸಿ ಉಣ್ಣೆ ಇಡುತ್ತಾರೆ. ಕ್ರೊನೊಸ್‌ಗೆ ಮಗುವಿನ ಬದಲು ಕೊಟ್ಟ ಕಲ್ಲು ಇದೇ ಅನ್ನೋದು ನಂಬಿಕೆ. ಆ ಉಣ್ಣೆ ನೋಡಿದರೆ ನನಗೆ ರೇಯಾ ಸುತ್ತಿದ ಬಟ್ಟೆಯೇ ನೆನಪಾಗುತ್ತೆ. ಡೆಲ್ಫಿಯ ಮ್ಯೂಸಿಯಮ್ಮಿನಲ್ಲಿ ‘ಭೂಮಿಯ ಹೊಕ್ಕುಳು’ ಅಂತ ಇನ್ನೊಂದು ಕೆತ್ತಿದ ಕಲ್ಲಿದೆ. ಎರಡನ್ನೂ ಒಂದೇ ಅಂದುಕೊಳ್ಳೋರು ಬಹಳ. ಪೌಸೇನಿಯಸ್ ಹೊಕ್ಕುಳ ಕಲ್ಲನ್ನು ಬೇರೆಯಾಗಿಯೇ ಹೇಳ್ತಾನೆ.

ಇನ್ನು ಉಳಿದದ್ದು ಚುಟುಕಾಗಿ. ಟೈಟನ್ನರು ಓತ್ರಿಸ್ ಬೆಟ್ಟದಿಂದ, ಜೀಯಸ್‌ನ ಕಡೆಯ ದೇವರುಗಳು ಒಲಿಂಪಸ್‌ನಿಂದ, ಹತ್ತು ವರ್ಷ ಯುದ್ಧ. ಗೆಲ್ಲಿಸಿದ್ದು ನೂರು ಕೈಯ ಆ ಮೂವರು. ಒಮ್ಮೆಗೆ 300 ಬಂಡೆ ಎಸೆದರು ಅಂತಾನೆ ಹೆಸಿಯಡ್, ಲೆಕ್ಕ ಸರಿಯಾಗಿ ಹೊಂದುತ್ತೆ. ಸೋತವರು ಪಾತಾಳಕ್ಕೆ, ಟಾರ್ಟರಸ್‌ಗೆ. ಭೂಮಿಯಿಂದ ಕಮ್ಮಾರನ ಕಂಚಿನ ಅಡಿಗಲ್ಲು ಬಿಟ್ಟರೆ ಒಂಬತ್ತು ಹಗಲು ಒಂಬತ್ತು ರಾತ್ರಿ ಬಿದ್ದು ಹತ್ತನೆಯ ದಿನ ಮುಟ್ಟುವಷ್ಟು ಆಳ. ಎಲ್ಲ ಟೈಟನ್ನರೂ ಅಲ್ಲಿಲ್ಲ. ನೆನಪಿನ ದೇವತೆ ನೆಮೊಸಿನಿ ಜೀಯಸ್‌ನಿಂದ ಕಲೆಗಳ ದೇವತೆಯರಾದ ಒಂಬತ್ತು ಮ್ಯೂಸ್‌ಗಳಿಗೆ ತಾಯಿಯಾದಳು, ನ್ಯಾಯದ ಥೆಮಿಸ್ ಅವನ ಹೆಂಡತಿಯಾದಳು. ಅಟ್ಲಾಸ್ ಈ ಹನ್ನೆರಡರಲ್ಲಿ ಒಬ್ಬನಲ್ಲ, ಅವರಲ್ಲೊಬ್ಬನಾದ ಇಯಾಪೆಟಸ್‌ನ ಮಗ. ಅವನು ಹೊತ್ತಿರೋದೂ ಭೂಮಿಯನ್ನಲ್ಲ, ಆಕಾಶವನ್ನು.

ಕ್ರೊನೊಸ್‌ಗೆ ಅಥೆನ್ಸಿನಲ್ಲಿ ಹಬ್ಬವೂ ಇತ್ತು, ಬೇಸಿಗೆಯಲ್ಲಿ ಬರುವ ‘ಕ್ರೊನಿಯಾ’. ಅವತ್ತು ಯಜಮಾನರು, ಆಳುಗಳು ಒಟ್ಟಿಗೆ ಕೂತು ಉಣ್ಣುತ್ತಿದ್ದರು. ಅದರಲ್ಲಿ ಸುಗ್ಗಿಯ ದೇವರು ಕಾಣುತ್ತಾನೆ, ಕೈಯಲ್ಲಿ ಕುಡುಗೋಲು ಇರೋದು ಸಹಜ.

ಹಾಗಂತ ಕಾಲಕ್ಕೂ ಅವನಿಗೂ ಏನೂ ನಂಟಿಲ್ಲ ಅಂತಲ್ಲ, ಒಂದು ನಂಟು ನಮ್ಮ ಮನೆಯ ಪಂಚಾಂಗದಲ್ಲೇ ಇದೆ.

[ಪರದೆ: ಶನಿ, ಗುರು, ಕುಜ, ರವಿ, ಶುಕ್ರ, ಬುಧ, ಚಂದ್ರ]

ಗ್ರೀಕರು ಶನಿ ಗ್ರಹವನ್ನು ‘ಕ್ರೊನೊಸ್‌ನ ನಕ್ಷತ್ರ’ ಅಂದರು. ಪಂಚಾಂಗದ ಹೋರೆ, ಅಂದರೆ ಒಂದು ಗ್ರಹದ ಪಾಲಿನ ಒಂದು ಗಂಟೆ. ಆ ಪದವೂ ಗ್ರೀಕಿನ ‘ಹೋರಾ’ದಿಂದ ಬಂದದ್ದು, ಗ್ರೀಕ್ ಜ್ಯೋತಿಷದ ಜೊತೆ. ಗ್ರಹಗಳನ್ನು ನಿಧಾನದಿಂದ ವೇಗಕ್ಕೆ ಸಾಲಾಗಿಡಿ, ಗಂಟೆಗೊಂದರಂತೆ ಹಂಚಿ. ಶನಿವಾರ ಸೂರ್ಯೋದಯದ ಮೊದಲ ಹೋರೆ ಶನಿಯದು. ಏಳರ ಸುತ್ತು ಮೂರು ಸಲ ಮುಗಿದು 22ನೆಯದು ಮತ್ತೆ ಶನಿ, 23 ಗುರು, 24 ಕುಜ. ಮರುದಿನದ ಮೊದಲ ಹೋರೆ ರವಿಯದು, ಅದಕ್ಕೇ ಅದು ಭಾನುವಾರ.